ಕೆಂಪು ಕಾರಿಗೆ ಕಟ್ಟಿದ ಚೆಂಡುಹೂವಿನ ಹಾರ

ನಾನು ಚಿಕ್ಕವಳಿದ್ದಾಗ ನಮ್ಮ ಬೈರಕೂರು ಕಡೆಯ ರಸ್ತೆಯಲ್ಲಿ ಕಾರು ಎಂದರೆ ಬಿಳಿಯದೇ. ಡಾಕ್ಟರದಾಗಲಿ, ಎಲೆಕ್ಷನ್‌ನವರದಾಗಲಿ, ಮದುವೆ ಗಂಡನ್ನು ಕೂರಿಸಿಕೊಂಡು ಬಂದದ್ದಾಗಲಿ, ಎಲ್ಲ ಬಿಳಿ. ನಾವು ಮಕ್ಕಳು ಕೆರೆಯ ಜೇಡಿಮಣ್ಣಿನಲ್ಲಿ ಕಾರು ಮಾಡಿದರೂ ಕೊನೆಗೆ ಅದಕ್ಕೆ ಸುಣ್ಣದ ನೀರು ಬಳಿಯುತ್ತಿದ್ದೆವು. ಓದುತ್ತಿರುವ ನಿಮ್ಮಲ್ಲೂ ಹಾಗೆ ಆಡಿದವರು ಇರಬಹುದು. ಅಂಥ ಕಾಲದಲ್ಲಿ, ಒಂದು ಮಾವಿನ ಸುಗ್ಗಿಯಲ್ಲಿ, ನಮ್ಮ ಸೋದರಮಾವ ನಾರಾಯಣಸ್ವಾಮಿಯವರ ಅಂಗಳದಲ್ಲಿ ಕುಂಕುಮದಂಥ ಕೆಂಪು ಬಣ್ಣದ ಕಾರೊಂದು ಎದ್ದು ನಿಂತಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ಮಾವನ ದೊಡ್ಡ ಮನೆಯ ಪಕ್ಕಕ್ಕೆ ಹಳೆಯ ಗಾಡಿ ಕೊಟ್ಟಿಗೆ. ಎತ್ತಿನ ಗಾಡಿ ಮಾರಿಹೋಗಿ ಅದು ಖಾಲಿ ಬಿದ್ದಿತ್ತು. ಅದರ ಅಗಲವಾದ ಬಾಯಿಗೆ ಬಿದಿರಿನ ತಡಿಕೆ ಕಟ್ಟಿ, ಮಣ್ಣು ಮೆತ್ತಿ, ಸಗಣಿ ಸಾರಿಸಿ, ಅಮ್ಮ ಅದನ್ನು ಒಂದು ಮನೆ ಮಾಡಿದ್ದಳು. ಒಳಗಿನ ಗೋಡೆಯ ಗೂಡಿನಲ್ಲಿ ವೆಂಕಟರಮಣನ ಪಟ, ಅದರ ಮುಂದೆ ಹಿತ್ತಾಳೆ ದೀಪ. ಮಳೆಗಾಲದಲ್ಲಿ ಒಂದು ಮೂಲೆ ಮಾತ್ರ ಸೋರುತ್ತಿತ್ತು. ದೇವರ ದಯೆ, ಅದು ಗೂಡಿನ ಮೂಲೆಯಲ್ಲ. ಅಮ್ಮ ದೊಡ್ಡಮನೆಯ ಕಸ ಮುಸುರೆ, ಅಡುಗೆ, ಹಸುವಿನ ಕೆಲಸ ಎಲ್ಲ ಮಾಡುತ್ತಿದ್ದಳು. ನಮಗೆ ಊಟಕ್ಕೆ ಕೊರತೆಯಿರಲಿಲ್ಲ. ಅತ್ತೆ ರತ್ನಮ್ಮನ ಮಾತು ಮಾತ್ರ ಊಟದ ಜೊತೆ ಬರುತ್ತಿತ್ತು.

ಅತ್ತೆ ಆಂಧ್ರದ ಗಡಿಯಾಚೆಯವರು. ಕೋಪ ಬಂದರೆ ಅರ್ಧ ತೆಲುಗು. ಮುದ್ದೆ ತಟ್ಟೆಗೆ ಹಾಕುವಾಗ, "ತಿನ್ನು ತಿನ್ನು, ಪಾಪಂ. ನಿನ್ನ ಅಪ್ಪ ಬಿಟ್ಟುಹೋದ ಗದ್ದೆದೇ ಅಲ್ವಾ ರಾಗಿ" ಎನ್ನುತ್ತಿದ್ದರು. ಅಪ್ಪನಿಗೆ ಗದ್ದೆ ಇರಲಿಲ್ಲ, ಹೊಲವೂ ಇರಲಿಲ್ಲ. ಅಮ್ಮ ತಲೆ ಎತ್ತದೆ ಸಾರು ಬಡಿಸುತ್ತಿದ್ದಳು.

ಕಾರು ಬಂದದ್ದು ಲಾರಿಯ ಮೇಲೆ. ಚಿನ್ನದ ಗಣಿಗೆ ಕೆಲಸಕ್ಕೆ ಬಂದಿದ್ದ ಯಾರೋ ವಿದೇಶಿ ಎಂಜಿನಿಯರ್ ಬಿಟ್ಟುಹೋದದ್ದಂತೆ. ಬಂಗಲೆಯ ಹಿಂದೆ ವರ್ಷಗಟ್ಟಲೆ ಬಿಸಿಲು ಮಳೆ ತಿಂದಿತ್ತು. ಎರಡೇ ಬಾಗಿಲು, ಸ್ಟೀರಿಂಗ್ ಎಡಗಡೆ, ಮುಂದಿನ ಮೂತಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ. ಸೀಟಿನಲ್ಲಿ ಕೋಳಿ ಕಾವು ಕೂತ ಗುರುತಿತ್ತು. ಊರಿನವರು ಸುತ್ತ ನಿಂತು, "ಸ್ವಾಮಣ್ಣ, ಇದರ ಮೂತಿ ಮೇಲೆ ರಾಗಿ ಒಣಗಾಕ್ಬೋದು ನೋಡು" ಎಂದು ನಕ್ಕರು. ಮಾವ ನಗಲಿಲ್ಲ. ಅವರಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇತ್ತು, ನಾಲ್ಕು ಜನ ಎದ್ದು ನಿಲ್ಲುವಂಥ ಹೆಸರಿತ್ತು. ನಗುವವರ ಮುಖವನ್ನೆಲ್ಲ ಒಂದೊಂದಾಗಿ ನೋಡಿಟ್ಟುಕೊಂಡರು.

ಕೆ.ಜಿ.ಎಫ್. ಕಡೆಯಿಂದ ಗೋಪಾಲ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿಗೆ ತನ್ನ ಕೆಲಸಕ್ಕಿಂತ ತನ್ನ ಮೀಸೆಯ ಮೇಲೆ ಪ್ರೀತಿ. ಗ್ರೀಸಿನ ಕೈಯಲ್ಲೇ ಅದನ್ನು ತೀಡಿ ತೀಡಿ ಅದು ಯಾವಾಗಲೂ ಮಿಂಚುತ್ತಿತ್ತು. ಹೋದ ಸುಗ್ಗಿಯಿಂದ ಈ ಸುಗ್ಗಿಯವರೆಗೆ ಬಂದು ಹೋಗಿ ಬಂದು ಹೋಗಿ, ತಗಡು ಬಡಿದು, ಎಂಜಿನ್ ಬಿಚ್ಚಿ ಜೋಡಿಸಿ, ಬಣ್ಣ ಹೊಡೆದ. ಆ ಬಣ್ಣದ ವಾಸನೆ, ಪಕ್ಕದ ತೋಪಿನ ಮಾವಿನಕಾಯಿಯ ಸೊನೆಯ ವಾಸನೆ, ಪೆಟ್ರೋಲಿನ ವಾಸನೆ ಮೂರೂ ಸೇರಿ ನಮ್ಮ ಕೊಟ್ಟಿಗೆಯ ತುಂಬ. ನನಗೆ ಇವತ್ತಿಗೂ ಮಾವಿನಕಾಯಿ ಹೆಚ್ಚಿದರೆ ಮೂಗಿಗೆ ಪೆಟ್ರೋಲು ಬರುತ್ತದೆ.

ಎಂಜಿನ್ ಮೊದಲ ಸಲ ಹೊತ್ತಿದ ದಿನ ಕೊಟ್ಟಿಗೆಯ ತಡಿಕೆ ನಡುಗಿ ಮಣ್ಣು ಉದುರಿತು. ಎಂಟು ಸಿಲಿಂಡರಿನದು, ಎಂಟು ಎಮ್ಮೆ ಒಟ್ಟಿಗೆ ಗುಟುರು ಹಾಕಿದಂತೆ. ಆದರೆ ಓಡಿದರೆ ಸಾಲದಂತೆ, ಸುಧಾರಿಸಬೇಕಂತೆ. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಮೊದಲು ನಿಧಾನವಾಗಿ, ಬಾಣಂತಿಯನ್ನು ನಡೆಸಿದ ಹಾಗೆ ನಡೆಸಬೇಕು ಎಂದು ಮೇಸ್ತ್ರಿ ಹೇಳಿದ. ಬೆಳಿಗ್ಗೆ ಸಂಜೆ ಮಾವ ಅದನ್ನು ಬೈರಕೂರಿನ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ತರುವುದು, ಮೇಸ್ತ್ರಿ ಮೂತಿ ಎತ್ತಿ ಕಿವಿಯಿಟ್ಟು ಕೇಳುವುದು, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು. ಪ್ಲಗ್ ಬಿಚ್ಚಿ ಅದರ ತುದಿ ನೋಡುವುದು. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಮ್ಮಿ, ಬಿಸ್ಕತ್ತಿನ ಬಣ್ಣ ಬಂದರೆ ಸರಿ. "ರೊಟ್ಟಿ ಬೇಯ್ಸೋ ಹಂಗೇ ಐತಲ್ಲ" ಎಂದು ಅಮ್ಮ ಒಳಗಿನಿಂದ ನನ್ನ ಕಿವಿಯಲ್ಲಿ ಹೇಳಿದಳು.

ಹಿಂದೆ ಭಾರವಿದ್ದರೆ ಕಾರು ರಸ್ತೆಯನ್ನು ಸರಿಯಾಗಿ ಹಿಡಿಯುತ್ತದೆಂದು ಒಂದು ಸಂಜೆ ಹಿಂದಿನ ಸೀಟಿಗೆ ರಾಗಿ ಮೂಟೆ ಹಾಕಿದರು. ಮಾವನ ಮಗ ಹರೀಶ, ನನಗಿಂತ ಚಿಕ್ಕವನು, ಮುಂದೆ ಅಪ್ಪನ ಪಕ್ಕ ಕೂತ. ಮೂಟೆ ಇನ್ನೊಂದು ಬೇಕಿತ್ತು. ಮಾವ ಅತ್ತಿತ್ತ ನೋಡಿ, "ಲೇ ಪದ್ದಿ, ನೀನೂ ಬಾ, ಮೂಟೆ ಮೇಲೆ ಕೂತ್ಕೋ" ಎಂದರು.

ಅತ್ತೆ ಜಗುಲಿಯಿಂದ, "ಅದೇನು ತೂಗ್ತದೆ ಬಿಡ್ರಿ, ಒಂದು ಮೊರ ಹೊಟ್ಟು. ಸೀಟು ಕೊಳೆ ಆಗ್ತದಷ್ಟೇ" ಎಂದರು.

"ಲಂಗ ಮಡಿಸ್ಕೊಂಡು ಕೂತ್ಕೊಳ್ತೀನಿ ಅತ್ತೆ" ಎಂದೆ ನಾನು.

ಹಾಗೆ ನಾನು ಆ ಕಾರಿನಲ್ಲಿ ಕೂತೆ. ಮೂಟೆಯಾಗಿ ಕೂತೆನೆಂದು ಆಗ ತೋಚಲಿಲ್ಲ, ಸಂತೋಷ ಅಷ್ಟಿತ್ತು. ಗಾಳಿಗೆ ಜಡೆ ಬಿಚ್ಚಿಹೋಯಿತು, ಮಾವಿನ ತೋಪುಗಳು ಹಿಂದೆ ಹಿಂದೆ ಓಡಿದವು. ಹೊಟ್ಟೆಯೊಳಗೆ ಎಂಜಿನ್ನಿನ ಸದ್ದು ಗುಡುಗುಡು ಎನ್ನುತ್ತಿತ್ತು. ವಾಪಸ್ಸು ಬಂದಾಗ ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ, ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಿದ್ದಳು. ಆ ಸದ್ದು ದೂರದ ತಿರುವಿನಲ್ಲಿ ಕೇಳಿದರೆ ಸಾಕು, ಅವಳು ಹಾಗೆ ಓಡಿ ಬರುತ್ತಿದ್ದಳು. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲವೇನೋ.

ಅಮ್ಮನಿಗೆ ಆ ಕಾರಿನ ಮೇಲೆ ಭಯವೂ ಇತ್ತು, ಆಸೆಯೂ ಇತ್ತು. ಸುಗ್ಗಿ ಮುಗಿದರೆ ಮಳೆ. ಅಷ್ಟು ಬಣ್ಣ ಬಳಿಸಿದ ಕಾರು ಟಾರ್ಪಾಲಿನ ಅಡಿಯಲ್ಲಿ ನಿಲ್ಲುವಂತಿಲ್ಲ. ಅದಕ್ಕೊಂದು ಸೂರು ಬೇಕು. ಅಂಗಳದಲ್ಲಿ ಕಾರು ನುಗ್ಗುವಷ್ಟು ಅಗಲವಾದ ಬಾಯಿಯ ಸೂರು ಒಂದೇ, ನಮ್ಮದು. ಅತ್ತೆ ಅದನ್ನು ದಿನಾ ನೆನಪಿಸುತ್ತಿದ್ದರು. ಒಂದು ಮಧ್ಯಾಹ್ನ ಮಾವ ಮಾವಿನಕಾಯಿ ಹಾಕಿದ ಬೇಳೆ ಪಪ್ಪಿನಲ್ಲಿ ಅನ್ನ ಕಲಸುತ್ತಿದ್ದಾಗ ಅಮ್ಮನೇ ಧೈರ್ಯ ಮಾಡಿದಳು.

"ಅಣ್ಣಾ, ನಮ್ಮನ್ನು ಎಲ್ಲಿಗೆ ಹೋಗು ಅಂತೀಯಾ? ಇವಳಿಗೆ ಸ್ಕೂಲಿದೆ."

ಮಾವ ಅವತ್ತು ಒಳ್ಳೆಯ ಮನಸ್ಸಿನಲ್ಲಿದ್ದರು. ಕಾರು ಬೆಳಿಗ್ಗೆ ಒಂದು ಸಲವೂ ಕೆಮ್ಮಿರಲಿಲ್ಲ. "ಅಳ್ಬೇಡ ಕಣೇ ಲಚ್ಚಿ. ಮೊದಲ್ನೇ ಪೂಜೆಗೆ ಕುರುಡುಮಲೆ ಗಣಪನ ಹತ್ರ ಓಡಿಸ್ಕೊಂಡು ಹೋಗಿ ಬರ್ತೀನಿ. ಸುಸೂತ್ರವಾಗಿ ಬಂತು ಅಂದ್ರೆ ಅದೇ ಖುಷೀಲಿ ತೋಪಿನ ಕಡೆ ಹೊಸ ಶೆಡ್ಡು ಕಟ್ಟಿಸ್ಬಿಡ್ತೀನಿ. ನೀನು ನಿನ್ನ ಗೂಡಲ್ಲಿ ಇರು."

"ಬರದಿದ್ರೆ?" ಎಂದರು ಅತ್ತೆ, ತುಪ್ಪ ಹಾಕುತ್ತ.

"ಯಾಕೆ ಬರಲ್ಲ? ಅಪಶಕುನ ನುಡೀಬೇಡ."

ಅವತ್ತಿನಿಂದ ಅಮ್ಮ ಆ ಕಾರಿಗೆ ಹರಕೆ ಹೊತ್ತಳು. ಗೂಡಿನ ದೀಪಕ್ಕೆ ಬೆಳಿಗ್ಗೆಯೂ ಎಣ್ಣೆ. ಕಿಟಕಿಯ ಸರಳು ಹಿಡಿದು ಎಂಜಿನ್ನಿನ ಸದ್ದು ಕೇಳುತ್ತ, "ಇವತ್ತು ಒಂದು ಕಾಲು ಕುಂಟ್ತಾ ಇದೆ ಅಲ್ವಾ?" ಎಂದು ನನ್ನನ್ನು ಕೇಳುವಳು. ಒಂದು ದಿನ ಮೇಸ್ತ್ರಿ, ಎಂಜಿನ್ ಎಷ್ಟು ಅಲುಗಾಡುತ್ತದೆಂದು ನೋಡಲು ಒಂದು ಲೋಟ ನೀರು ಕೇಳಿದ. ಅತ್ತೆ ತಮ್ಮ ಲೋಟ ಕೊಡಲಿಲ್ಲ. "ಲಚ್ಚೀದು ತಗೊಳ್ಳಿ, ಅದು ಏನಾದ್ರೂ ಆಗ್ಲಿ" ಎಂದರು. ಅದು ಅಮ್ಮನ ಮದುವೆಯ ಲೋಟ, ಅಪ್ಪನ ಹೆಸರು ಚುಕ್ಕೆ ಚುಕ್ಕೆಯಾಗಿ ಕೊರೆದದ್ದು. ಮೇಸ್ತ್ರಿ ತುಂಬ ನೀರು ಹಾಕಿ ಓಡುವ ಎಂಜಿನ್ನಿನ ಮೇಲಿಟ್ಟ. ಲೋಟ ಕುಣಿದು ಕುಣಿದು ಕೆಳಗೆ ಬಿತ್ತು. ಮತ್ತೆ ತಿರುಪು, ಮತ್ತೆ ಲೋಟ. ಕೆಲವು ದಿನ ಇದೇ ಆಟ. ಕಡೆಗೊಂದು ಸಂಜೆ ಲೋಟ ನಿಂತಿತು. ನೀರಿನ ಮೇಲೆ ಒಂದು ಸಣ್ಣ ಉಂಗುರ ಮಾತ್ರ ಎದ್ದು ಮಾಯವಾಯಿತು.

"ಗಡಿಯಾರ ಆಗ್ಹೋಯ್ತು ಸ್ವಾಮಣ್ಣ, ಗಡಿಯಾರ!" ಎಂದು ಮೇಸ್ತ್ರಿ ಮೀಸೆ ತೀಡಿದ.

ಲೋಟ ವಾಪಸ್ಸು ಬಂದಾಗ ಅಮ್ಮ ಅದರಲ್ಲಿದ್ದ ನೀರನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆಗೂ ಚಿಮುಕಿಸಿದಳು.

"ಪೆಟ್ರೋಲ್ ವಾಸ್ನೆ ಕಣಮ್ಮ!"

"ಸುಮ್ನಿರು. ನಮ್ಮ ಮನೆ ಉಳೀತು."

ಲೋಟ ಒಂದಿಷ್ಟೂ ನೆಗ್ಗಿರಲಿಲ್ಲ. ಅದು ಇವತ್ತಿಗೂ ನನ್ನ ಅಡುಗೆಮನೆಯಲ್ಲಿದೆ.

ಪೂಜೆ ಶುಕ್ರವಾರ ಎಂದಾಯಿತು. ಅತ್ತೆ ಒಂದು ಮಂಕರಿ ಚೆಂಡುಹೂವು ತರಿಸಿ ಅಮ್ಮನ ಮುಂದೆ ಸುರಿದರು. ಮುತ್ತೈದೆಯಲ್ಲದವಳು ಪೂಜೆಗೆ ನಿಲ್ಲುವಂತಿಲ್ಲ, ಆರತಿ ಮುಟ್ಟುವಂತಿಲ್ಲ. ಹೂ ಕಟ್ಟಿದರೆ ಪರವಾಗಿಲ್ಲ, ಕಟ್ಟಿದ್ದು ಯಾರೆಂದು ಹೂವಿಗೆ ಗೊತ್ತಾಗುವುದಿಲ್ಲವಲ್ಲ.

"ಊರಲ್ಲಿ ಯಾವ ಗಾಡಿಗೂ ಹಾಕಿರ್ಬಾರ್ದು ಅಂಥ ಹಾರ ಕಟ್ಟು. ಮೂತಿ ಕಾಣ್ಬಾರ್ದು, ಹಂಗೆ" ಎಂದರು ಅತ್ತೆ. "ಮತ್ತೆ ನೋಡು, ನಾಳೆ ಗಾಡಿ ಹೊರಡೋ ಹೊತ್ತಿಗೆ ಎದುರಿಗೆ ಬರ್ಬೇಡ. ಬಾಗಿಲು ಹಾಕ್ಕೊಂಡು ಒಳಗೆ ಇರು."

"ಗೊತ್ತು ಅತ್ತಿಗೆ" ಎಂದಳು ಅಮ್ಮ.

ಅಮ್ಮ ಸಂಜೆಯೆಲ್ಲ ಕೂತು, ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಎದ್ದು ಮತ್ತೆ ಕೂತು, ಆ ಹಾರ ಕಟ್ಟಿದಳು. ಹೂವು, ಮಾವಿನೆಲೆ, ಹೂವು, ಮಾವಿನೆಲೆ, ನಡುವೆ ಬೆರಳು ತೂರದಂತೆ ಬಿಗಿಯಾಗಿ. ನಾನು ಎಲೆ ಆರಿಸಿ ಕೊಡುತ್ತಿದ್ದೆ. ಅವಳ ಬೆರಳು ಹಳದಿಯಾಗಿ, ಆಮೇಲೆ ಹಸಿರಾಗಿ, ಕಡೆಗೆ ಕಪ್ಪಾದವು. ನಾರು ಕೊಯ್ದು ಒಂದು ಕಡೆ ರಕ್ತವೂ ಬಂತು. "ಸಾಕಮ್ಮ" ಎಂದರೆ, "ಗಣಪ ನೋಡ್ಲಿ ಕಣೇ, ಕಂಜೂಸು ಮಾಡಿಲ್ಲ ಅಂತ" ಎಂದಳು. ಅವಳು ಜೀವಮಾನದಲ್ಲಿ ಅಷ್ಟು ಚೆಂದದ ಹಾರ ಮತ್ತೆ ಕಟ್ಟಲಿಲ್ಲ.

ಬೆಳಿಗ್ಗೆ ಅಂಗಳ ತುಂಬ ಜನ. ಚಕ್ರದಡಿಗೆ ನಿಂಬೆಹಣ್ಣು, ಗಾಜಿಗೆ ಅರಿಶಿನ ಕುಂಕುಮ, ಕುಂಬಳಕಾಯಿ, ಕರ್ಪೂರ. ಕಾರಿನ ಮುಂದೆ ಗಾಳಿ ನುಗ್ಗುವ ಉದ್ದನೆಯ ಜಾಲರಿಯಿತ್ತಲ್ಲ, ಅದರ ಮೇಲೆ ಹಾರವನ್ನು ಹಾಸಿ, ಎರಡೂ ತುದಿಗೆ ಬಿಗಿದು ಕಟ್ಟಿದರು. ಕೆಂಪಿನ ಮೇಲೆ ಕೇಸರಿ, ಹಸಿರು. ಎಲ್ಲರೂ ಬೆರಗಾದರು.

"ಯಾರು ರತ್ನಮ್ಮ ಕಟ್ಟಿದ್ದು?"

"ಯಾರು ಕಟ್ತಾರೆ? ನಾನೇ. ರಾತ್ರಿಯೆಲ್ಲಾ ನಿದ್ದೆ ಇಲ್ಲ" ಎಂದರು ಅತ್ತೆ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.

ನಾನು ಕೊಟ್ಟಿಗೆಯ ಕಡೆ ನೋಡಿದೆ. ಬಾಗಿಲು ಹಾಕಿತ್ತು. ಕಿಟಕಿಯ ಕೆಳಗಿನ ಸರಳಿನ ಮೇಲೆ ಬಣ್ಣ ಹತ್ತಿದ ಎರಡು ಬೆರಳು ಮಾತ್ರ ಕಾಣುತ್ತಿದ್ದವು.

ಮಾವ ಸ್ಟೀರಿಂಗಿಗೆ ಕೂತರು, ಪಕ್ಕದಲ್ಲಿ ಮೇಸ್ತ್ರಿ. ಹಿಂದೆ ಅತ್ತೆ, ಹರೀಶ. ಪೂಜೆಯ ತಟ್ಟೆ, ಎಣ್ಣೆ ಬಟ್ಟಲು ಹಿಡಿಯಲು ಒಬ್ಬರು ಬೇಕೆಂದು ನನ್ನನ್ನೂ ಕೂರಿಸಿಕೊಂಡರು. ಮುಳಬಾಗಿಲಿನವರೆಗೆ ಮಾವ ನಿಧಾನವಾಗಿಯೇ ಓಡಿಸಿದರು. ಅಂಗಡಿಗಳ ಮುಂದೆ ಜನ ನಿಂತು ನೋಡಿದರು. ಅತ್ತೆ ಗಾಜಿಗೆ ಮುಖ ತಂದು ಕೂತರು. ಬಿಸಿಲು ಏರಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಒಂದು ಮದುವೆ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಮ್ಮನ್ನು ದಾಟಿತು. ಕಿಟಕಿಯಿಂದ ಹುಡುಗರು ಅರ್ಧ ಹೊರಗೆ ಬಂದು, "ಸಾರ್, ಎತ್ತು ಕಟ್ಕೊಳ್ಳಿ ಸಾರ್!" ಎಂದು ಕೂಗಿದರು.

ಮಾವನ ಕುತ್ತಿಗೆ ಕೆಂಪಾಯಿತು. ಕಾಲು ಒತ್ತಿದರು.

ಸುಳ್ಳು ಹೇಳಬಾರದು, ಅದು ಎಂಥ ಓಟ! ನಾನು ಸೀಟಿಗೆ ಅಂಟಿಕೊಂಡೆ. ತಟ್ಟೆಯ ಅಕ್ಷತೆಯೆಲ್ಲ ನನ್ನ ಮಡಿಲಿಗೆ ಬಂತು. ಎಂಟು ಎಮ್ಮೆಗಳ ಗುಟುರು ಹೋಗಿ ಒಂದು ಆನೆಯ ಘೀಳಾಯಿತು. ಬಸ್ಸು ಹಿಂದಕ್ಕೆ ಸರಿಯಿತು, ಹುಡುಗರ ಬಾಯಿ ತೆರೆದೇ ಇತ್ತು. ಹರೀಶ ಚಪ್ಪಾಳೆ ತಟ್ಟಿದ. ಮಾವ ನಗುತ್ತಿದ್ದರು, ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಸ್ವಾಮಣ್ಣ, ಶಾಖದ ಮುಳ್ಳು ಮೇಲೆ ಹೋಗ್ತಾ ಐತೆ. ಕಾಲು ತೆಗೀರಿ" ಎಂದ ಮೇಸ್ತ್ರಿ.

"ಮುಳ್ಳು ಹೊಸದಲ್ವಾ, ಅದಕ್ಕೇನು ಗೊತ್ತು? ಸುಮ್ನೆ ಕೂತ್ಕೋ."

ಮೊದಲು ವಾಸನೆ ಬಂತು. ಬಾಡಿದ ಹಾರ ನೀರೊಲೆಗೆ ಬಿದ್ದರೆ ಬರುತ್ತದಲ್ಲ, ಆ ವಾಸನೆ. ಹೂವು ಬೇಯುತ್ತಿತ್ತು. ಆಮೇಲೆ ಮೂತಿಯ ಅಂಚಿನಿಂದ ಹಬೆ ಎದ್ದು ಗಾಜು ಮುಚ್ಚಿತು. ಕಾರು ಎರಡು ಸಲ ಒದರಿ ಏರಿನಲ್ಲಿ ನಿಂತಿತು. ಅತ್ತೆ, "ದೇವುಡಾ!" ಎಂದು ಹರೀಶನನ್ನು ಎಳೆದುಕೊಂಡು ಕೆಳಗಿಳಿದರು.

ನಿಂತಷ್ಟೇ ಆಗಿದ್ದರೆ ಬದುಕುತ್ತಿತ್ತು. ಅಷ್ಟರಲ್ಲಿ ಆ ಮದುವೆ ಬಸ್ಸು ಬಂತು. ಬೇಕೆಂದೇ ನಿಧಾನ ಮಾಡಿತು.

"ಅನ್ನ ಆಯ್ತಾ ಸಾರ್? ಸಾರಿಗೆ ನಾವ್ ಬರ್ತೀವಿ!"

ಇಡೀ ಬಸ್ಸು ನಕ್ಕಿತು. ಹೆಂಗಸರೂ ನಕ್ಕರು. ಮಾವ ಹುಚ್ಚರಂತೆ ರಸ್ತೆ ಪಕ್ಕದ ಹೊಲಕ್ಕೆ ನುಗ್ಗಿ, ಪಂಪ್‌ಸೆಟ್ಟಿನ ತೊಟ್ಟಿಯಿಂದ ಒಂದು ಬಕೀಟು ನೀರು ಎತ್ತಿಕೊಂಡು ಓಡಿ ಬಂದರು.

"ಬೇಡ! ಸ್ವಾಮಣ್ಣ, ಬೇಡ, ಆರ್ಲಿ!" ಎಂದು ಮೇಸ್ತ್ರಿ ಅಡ್ಡ ಬಂದ. ಮಾವ ಅವನನ್ನು ಮೊಣಕೈಯಲ್ಲಿ ನೂಕಿ, ಮೂತಿ ಎತ್ತಿ, ಕೆಂಡದಂತೆ ಕಾದಿದ್ದ ಎಂಜಿನ್ನಿನ ಮೇಲೆ ಅಷ್ಟೂ ತಣ್ಣೀರು ಸುರಿದರು. ಕಾದ ಕಲ್ಲಿನ ಕಾವಲಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅಡುಗೆ ಮಾಡುವ ಯಾರಿಗೂ ಹೇಳಬೇಕಿಲ್ಲ. ಟಣ್ ಎಂದು ಒಂದು ಸದ್ದು. ದೊಡ್ಡದೇನಲ್ಲ, ಗುಡಿಯ ಗಂಟೆಯನ್ನು ಬೆರಳಲ್ಲಿ ತಟ್ಟಿದಷ್ಟು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ರಸ್ತೆಯಲ್ಲೇ ಕೂತುಬಿಟ್ಟ. ಎಂಜಿನ್ನಿನ ಎರಕದ ಮೈ ಬಿರುಕು ಬಿಟ್ಟಿತ್ತು.

ಗಣಪನ ದರ್ಶನ ಆಗಲಿಲ್ಲ. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಬಂದ ದಾರಿಯಲ್ಲೇ, ಅದೇ ಅಂಗಡಿಗಳ ಮುಂದೆ, ಕಾರನ್ನು ಎಳೆಸಿಕೊಂಡು ಬಂದೆವು. ಹಾರ ಇನ್ನೂ ಮೂತಿಯ ಮೇಲಿತ್ತು. ಬೆಂದು ಕಪ್ಪಾಗಿ ಜೋತುಬಿದ್ದಿತ್ತು, ಆದರೆ ಒಂದು ಗಂಟೂ ಬಿಚ್ಚಿರಲಿಲ್ಲ.

ಅಂಗಳಕ್ಕೆ ಬಂದ ಕೂಡಲೇ ಅತ್ತೆ ಕೊಟ್ಟಿಗೆಯ ಕಡೆ ಕೈ ನೀಡಿದರು. "ಕಿಟಕೀಲಿ ನಿಂತು ನೋಡಿದಾಳೆ. ನಾನು ಕಂಡೆ. ಬಾಗಿಲು ಹಾಕ್ಕೋ ಅಂದ್ರೆ ಕಿಟಕೀಲಿ ಕಣ್ಣು! ಮೊದಲ್ನೇ ಓಟಕ್ಕೆ ಮುಂಡೆ ಕಣ್ಣು ಬಿದ್ರೆ ಯಾವ ಗಾಡಿ ಓಡ್ತದೆ?"

ಅಮ್ಮ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಳು. ಕಾರನ್ನು ನೋಡಿ ಅವಳ ಮುಖ ಹೇಗಾಯಿತೆಂದು ಬರೆಯಲಾರೆ.

ಮೇಸ್ತ್ರಿಗೆ ತನ್ನ ಕೆಲಸದ ಮೇಲೆ ಅಪವಾದ ಬಂದೀತೆಂಬ ಹೆದರಿಕೆ. ಅವನು ಬಾಯಿ ಬಿಟ್ಟ. "ಕಣ್ಣೂ ಇಲ್ಲ ಗಿಣ್ಣೂ ಇಲ್ಲ ತಾಯಿ. ಈ ಹಾರ! ಜಾಲರಿ ಪೂರಾ ಮುಚ್ಚಿಬಿಟ್ಟೈತೆ. ಒಳಗೆ ಗಾಳಿ ಆಡಿಲ್ಲ, ಕಾದುಬಿಡ್ತು. ನನ್ನ ಕೆಲ್ಸದಲ್ಲಿ ತಪ್ಪಿಲ್ಲ."

"ಬೆಳಿಗ್ಗೆ ಕಟ್ಟೋವಾಗ ನೀನೇನು ಮಾಡ್ತಿದ್ದೆ?" ಎಂದರು ಮಾವ.

"ದೇವ್ರ ಹೂವಿಗೆ ಬೇಡ ಅನ್ನೋಕೆ ನಾನ್ಯಾರು ಸ್ವಾಮಣ್ಣ?"

ಮಾವ ಅತ್ತೆಯ ಕಡೆ ತಿರುಗಿದರು. ನನಗೆ ಒಂದು ಗಳಿಗೆ ಎದೆ ಹಗುರಾಯಿತು. ಹಾರ ಕಟ್ಟಿದ್ದು ನಾನೇ ಎಂದು ಅತ್ತೆ ಊರೆಲ್ಲ ಕೇಳುವಂತೆ ಹೇಳಿದ್ದರಲ್ಲ!

ಅತ್ತೆ ಎರಡು ಹೆಜ್ಜೆಗೆ ಹೊಸ್ತಿಲಿಗೆ ಹೋಗಿ ಅಮ್ಮನ ಕೈ ಹಿಡಿದು ಬೆಳಕಿಗೆ ಎಳೆದರು. "ನೋಡ್ರಿ! ಬೆರಳು ನೋಡ್ರಿ! ಯಾರು ಕಟ್ಟಿದ್ದು ಅಂತ ಇಲ್ಲೇ ಬರೆದೈತೆ. ನಾನು ಮರ್ಯಾದೆಗೆ ನಂದು ಅಂತ ಹೇಳ್ಕೊಂಡೆ, ಇವಳು ಹಿಂಗೆ ಮಾಡಿಟ್ಟಿದಾಳೆ. ಮನೆ ಬಿಡ್ಬೇಕಾಗ್ತದೆ ಅಂತ ಹೊಟ್ಟೆಕಿಚ್ಚಿಗೆ ಕಟ್ಟಿದಾಳೆ!"

"ಅಯ್ಯೋ ಇಲ್ಲ ಅಣ್ಣಾ, ಮನೆ ಉಳೀಲಿ ಅಂತಾನೇ..." ಎಂದಳು ಅಮ್ಮ.

ನಾನು ಕೂಗಿದೆ. "ಮಾವ ತಣ್ಣೀರು ಸುರಿದ್ರು! ಮೇಸ್ತ್ರಿ ಬೇಡ ಅಂದ್ರೂ..."

ಮಾವನ ಕೈ ನನ್ನ ಕೆನ್ನೆಗೆ ಬಿತ್ತು. ಮೇಸ್ತ್ರಿಯನ್ನು ನೋಡಿದೆ. ಅವನು ಮೀಸೆ ತೀಡುತ್ತ ಚಕ್ರವನ್ನು ನೋಡುತ್ತಿದ್ದ. ಏಟಿನಿಂದ ಕಿವಿ ಗುಂಯ್ ಎಂದಿತಷ್ಟೆ. ಕೇಳಿಸುವುದಕ್ಕೇನೂ ತೊಂದರೆಯಾಗಲಿಲ್ಲ, ಅದು ದೇವರ ದಯೆ.

"ಮಳೆ ಬರೋ ಹಂಗಿದೆ" ಎಂದರು ಮಾವ, ಯಾರನ್ನೂ ನೋಡದೆ. "ಕಾರು ಒಳಗೆ ಹೋಗ್ಬೇಕು. ಖಾಲಿ ಮಾಡು."

"ಗೂಡಿಗೆ ದೀಪ ಹಚ್ಚಿ ಹೋಗ್ತೀನಿ ಅಣ್ಣಾ" ಎಂದಳು ಅಮ್ಮ. ಅದಕ್ಕೆ ಮಾವ ಬೇಡ ಎನ್ನಲಿಲ್ಲ, ಅದನ್ನೂ ನಾನು ನೆನೆಯಬೇಕು. ನಮ್ಮ ಪಾತ್ರೆ, ಎರಡು ಟ್ರಂಕು, ಚಾಪೆ, ಪಟ, ಎಲ್ಲ ಅಂಗಳಕ್ಕೆ ಬಂದವು. ಆಳುಗಳು ತಡಿಕೆಯನ್ನು ಒದ್ದು ಬೀಳಿಸಿದರು. ಅಮ್ಮ ಕೈಯಿಂದ ಮೆತ್ತಿದ ಮಣ್ಣಿನಲ್ಲಿ ಅವಳ ಬೆರಳಿನ ಸಾಲುಗಳು ಹಾಗೇ ಇದ್ದವು.

ಕಾರು ಭಾರ. ಕೊಟ್ಟಿಗೆಯ ಬಾಯಲ್ಲಿ ಸಣ್ಣ ಏರು. ಎಷ್ಟು ಜನ ನೂಕಿದರೂ ಚಕ್ರ ಹಿಂದಕ್ಕೇ ಬರುತ್ತಿತ್ತು. ಆಗ ಅತ್ತೆ ಅಮ್ಮನ ಕಡೆ ತಿರುಗಿ, "ಕಂಬ ನಿಂತಂಗೆ ನಿಂತಿದೀಯಲ್ಲ, ನೀನೂ ಕೈ ಹಾಕು" ಎಂದರು.

ಬೆಳಿಗ್ಗೆ ಆ ಕಾರಿನ ಎದುರು ಬರಬಾರದಾಗಿದ್ದ ಅಮ್ಮ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರ ಬೆನ್ನಿಗೆ ಭುಜ ಕೊಟ್ಟು, ಬಣ್ಣ ಹತ್ತಿದ ಎರಡೂ ಅಂಗೈ ಊರಿ ನೂಕಿದಳು. ಕಾರು ನಮ್ಮ ಮನೆಯೊಳಗೆ ಹೋಯಿತು. ಗೂಡಿನ ದೀಪ ಇನ್ನೂ ಉರಿಯುತ್ತಿತ್ತು. ಅದರ ಬೆಳಕು ಕೆಂಪು ಬಣ್ಣದ ಮೇಲೆ ಹೊಳೆಯುತ್ತಿತ್ತು.

ಆ ರಾತ್ರಿ ಪಕ್ಕದ ಮನೆಯ ಜಗುಲಿಯಲ್ಲಿ ಮಲಗಿ ಮರುದಿನ ಬಸ್ಸು ಹತ್ತಿದೆವು. ಮಳೆ ಬರಲಿಲ್ಲ. ನಮ್ಮ ಗಂಟುಮೂಟೆ ನೆನೆಯಲಿಲ್ಲ, ಅದು ಸಣ್ಣ ಕೃಪೆಯೇ? ಮಾಲೂರಿನಲ್ಲಿ ಅಪ್ಪನ ಕಡೆಯ ಒಬ್ಬರು ಒಂದು ಕೋಣೆ ತೋರಿಸಿದರು. ಅಮ್ಮ ಜೀವನಕ್ಕೆ ಹಿಡಿದದ್ದು ಹೂ ಕಟ್ಟುವ ಕೆಲಸವನ್ನೇ. ಆ ಬೆರಳುಗಳಿಗೆ ಗೊತ್ತಿದ್ದದ್ದು ಅದೊಂದು. ಹೂವಿನಲ್ಲೇ ನನ್ನನ್ನು ಓದಿಸಿದಳು, ಮದುವೆ ಮಾಡಿದಳು. ನನ್ನ ಯಜಮಾನರು ಒಳ್ಳೆಯವರು, ನನ್ನ ಅಮ್ಮನನ್ನು ಮನೆಯಲ್ಲೇ ಇಟ್ಟುಕೊಳ್ಳೋಣ ಎಂದು ಅವರೇ ಅಂದರು. ಇಷ್ಟು ಕೊಟ್ಟ ದೇವರ ಹತ್ತಿರ ಇನ್ನೇನು ಕೇಳಲಿ?

ಕಾರು ಆ ಕೊಟ್ಟಿಗೆಯಲ್ಲೇ ಉಳಿಯಿತು. ಮಾವ ಅದನ್ನು ಮತ್ತೆ ಮುಟ್ಟಲಿಲ್ಲವಂತೆ. ಅವರು ಹೋದ ಮೇಲೆ ಹರೀಶ ಅದಕ್ಕೆ ಕೈಹಾಕಿದ. ಹೊರದೇಶದಿಂದ ಅದೇ ಜಾತಿಯ ಎಂಜಿನ್ ತರಿಸಿ, ಮತ್ತೆ ಅದೇ ಕೆಂಪು ಬಳಿಸಿ, ಈಚೆಗೆ ಒಂದು ಬೆಳಿಗ್ಗೆ ಫೋನ್ ಮಾಡಿದ.

"ಅಕ್ಕ, ಗಾಡಿ ರೆಡಿ. ಟ್ಯೂನಿಂಗೂ ಆಯ್ತು. ಕುರುಡುಮಲೆಗೆ ಹೊರಡೋ ಮುಂಚೆ ನಿನ್ನ ಹತ್ರ ಬರ್ತೀನಿ. ನೀನು ಆರತಿ ಎತ್ತಬೇಕು. ಅಮ್ಮ ಈಗ ಎತ್ತೋ ಹಾಗಿಲ್ಲವಲ್ಲ. ಅವತ್ತು ಯಾರೋ ಎದುರು ಬಂದು ಕೆಟ್ಟೋಯ್ತಂತೆ, ಅಮ್ಮ ಹೇಳ್ತಿರ್ತಾರೆ."

ಅತ್ತೆಯೂ ಈಗ ಒಳಗೆ ಕೂರುತ್ತಾರೆ. ಕೇಳಿ ನನಗೆ ಸಂತೋಷವಾಗಬಹುದಿತ್ತು. ಆಗಲಿಲ್ಲ, ಅದೂ ದೇವರ ದಯೆ ಎಂದುಕೊಂಡಿದ್ದೇನೆ. ಯಾರೋ ಎಂದನಲ್ಲ, ಅದು ಮಾತ್ರ ಚುಚ್ಚಿತು. ಆದರೂ ಬಾ ಎಂದೆ.

ಬಂದ. ಬೀದಿಯ ತುದಿಯಲ್ಲಿ ಸದ್ದು ಕೇಳಿತು. ಅಮ್ಮ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ನಾನು ಬರುವವರು ಯಾರೆಂದು ಅವಳಿಗೆ ಹೇಳಿರಲಿಲ್ಲ. ಅವಳ ಕೈ ನಿಂತಿತು. ಒಂದು ಕ್ಷಣ, ಆ ಹಳೆಯ ಅಂಗಳದಲ್ಲಿ ಓಡಿ ಬಂದಂತೆ ಓಡಿ ಬರುತ್ತಾಳೇನೋ ಎಂದುಕೊಂಡೆ. ಅವಳು ಎದ್ದಳು, ಹಿಟ್ಟಿನ ಕೈಯಲ್ಲೇ ಹಿಂದಿನ ಕೋಣೆಗೆ ಹೋದಳು, ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಯಿತು.

"ಅಮ್ಮಾ, ಬಾರಮ್ಮ ಹೊರಗೆ. ಇದು ನನ್ನ ಮನೆ. ಇಲ್ಲಿ ಯಾರೂ ಏನೂ ಅನ್ನಲ್ಲ."

"ಗಾಡಿ ದಾಟಿ ಹೋಗ್ಲಿ ಕಣೇ" ಎಂದಳು ಒಳಗಿನಿಂದ. ಆಮೇಲೆ, "ಮುಂದೆ ಹೂ ಕಟ್ಟಿದಾರಾ ನೋಡು. ಕಟ್ಟಿದ್ರೆ ಬಿಚ್ಚಿಸು."

ಕಟ್ಟಿದ್ದರು. ಅಂಗಡಿಯಿಂದ ತಂದ ದಪ್ಪ ಹಾರ, ಜಾಲರಿಯ ಉದ್ದಕ್ಕೂ. ನಾನು ಆರತಿ ಎತ್ತಿದೆ. ಆಮೇಲೆ ಬಗ್ಗಿ ಹಾರದ ಗಂಟಿಗೆ ಕೈಹಾಕಿದೆ.

"ಅಯ್ಯೋ ಅಕ್ಕ, ದೇವ್ರ ಹೂ ಬಿಚ್ಬಾರ್ದು!" ಎಂದ ಹರೀಶ.

"ಗಾಳಿ ಆಡಲ್ಲ ಕಣೋ" ಎಂದೆ.

ಒಂದು ಬಿಡಿ ಹೂವು ಗಾಜಿ‌ನ ಮುಂದಿಟ್ಟು ಕಳಿಸಿದೆ. ಸದ್ದು ಬೀದಿಯ ತಿರುವಿನಲ್ಲಿ ಕರಗಿದ ಮೇಲೆ ಚಿಲಕ ತೆಗೆದ ಸದ್ದಾಯಿತು. ಅಣ್ಣನ ಮನೆ ಹೋಯಿತು, ಗೂಡು ಹೋಯಿತು, ಅದಕ್ಕೆಲ್ಲ ದೇವರು ಬದಲು ಕೊಟ್ಟ. ಕಾರಿನ ಸದ್ದಿಗೆ ಓಡಿ ಬರುತ್ತಿದ್ದ ಆ ಅಮ್ಮನಿಗೆ ಮಾತ್ರ ಬದಲು ಸಿಗಲಿಲ್ಲ. ತಣ್ಣೀರಿನ ಕತೆಯನ್ನು ಅವಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ! ಪ್ರತಿ ಸಲವೂ ಹೂಂ ಎಂದಿದ್ದಾಳೆ.

ಬಿಚ್ಚಿದ ಹಾರ ನನ್ನ ಕೈಯಲ್ಲಿತ್ತು. ಅಮ್ಮ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹೂವುಗಳ ನಡುವೆ ಬೆರಳು ಸಲೀಸಾಗಿ ತೂರುತ್ತಿತ್ತು.

"ಸಡಿಲ ಕಟ್ಟಿದಾರೆ" ಎಂದಳು. "ಇದ್ರಲ್ಲಾದ್ರೆ ಗಾಳಿ ಆಡ್ತಿತ್ತೇನೋ. ನಾನು ತುಂಬಾ ಬಿಗಿಯಾಗಿ ಕಟ್ಬಿಟ್ಟೆ ಕಣೇ ಪದ್ದಿ."